‘ಬನ್ನಿ ಮೇಡಂ, ಏನ್ ಕೊಡ್ಲಿ?’

‘ಬನ್ನಿ ಮೇಡಂ, ಏನ್ ಕೊಡ್ಲಿ? ಈರುಳ್ಳಿ ಈಗಷ್ಟೇ ಬಂದಿದೆ!’

ಸ್ನಾನಕ್ಕೆ ಕರೆದರೆ ಬಾರದ, ಊಟಕ್ಕೆ ಕೂತರೆ ಮುಗಿಸದ ನಿಮ್ಮ ಐದು ವರ್ಷದ ಪುಟ್ಟಿ ಹಾಲ್‌ನಲ್ಲಿ ದಿಂಬುಗಳನ್ನು ಅಡ್ಡ ಇಟ್ಟುಕೊಂಡು ಅಂಗಡಿ ತೆರೆದಿದ್ದಾಳೆ. ಮಾರಾಟಕ್ಕಿರುವುದು ನಿಮ್ಮದೇ ಅಡುಗೆಮನೆಯ ನಾಲ್ಕು ಆಲೂಗಡ್ಡೆ, ಎರಡು ಈರುಳ್ಳಿ, ಅಜ್ಜಿಯ ಕನ್ನಡಕದ ಡಬ್ಬಿ. ಈರುಳ್ಳಿಗೆ ಸಾವಿರ ರೂಪಾಯಿ, ಡಬ್ಬಿಗೆ ಎರಡು! ನೀವೋ ಕುಕ್ಕರಿನ ಮೂರನೇ ಸೀಟಿಗೆ ಕಾಯುತ್ತಿದ್ದೀರಿ. ‘ಆಮೇಲೆ ಬರ್ತೀನಿ ಹೋಗೇ’ ಅಂದುಬಿಡುತ್ತೀರಿ, ಅಲ್ಲವೇ?

ಒಲೆ ಸಣ್ಣಗೆ ಮಾಡಿ, ಒಂದೈದು ನಿಮಿಷ ಹೋಗಿ ಬನ್ನಿ. ಆ ಅಂಗಡಿಯಲ್ಲಿ ನಿಮ್ಮ ಮನೆಯ ಲೆಕ್ಕಪತ್ರವೇ ಇರುತ್ತದೆ.

ನಾವೂ ಆಡಿದವರೇ. ಹೊಂಗೆ ಎಲೆ ನೋಟು, ಹುಣಸೆ ಬೀಜ ಚಿಲ್ಲರೆ, ತೆಂಗಿನ ಚಿಪ್ಪಿಗೆ ದಾರ ಕಟ್ಟಿದರೆ ತಕ್ಕಡಿ, ಇಟ್ಟಿಗೆ ಪುಡಿ ಮಾಡಿದರೆ ಖಾರದ ಪುಡಿ. ಈಗಿನ ಮಕ್ಕಳ ಗಿರಾಕಿಗಳು ಬಾಚಣಿಗೆಯನ್ನೇ ಮೊಬೈಲ್ ಮಾಡಿಕೊಂಡು, ಕಾಗದದ ಮೇಲೆ ಗೀಚಿದ ಕಪ್ಪು ಚೌಕಕ್ಕೆ ಹಿಡಿಯುತ್ತಾರೆ. ‘ಟಿಂಗ್! ಇಪ್ಪತ್ತು ರೂಪಾಯಿ ಬಂದಿದೆ’ ಎಂದು ಅಂಗಡಿಯವನೇ ಕೂಗುತ್ತಾನೆ. ನೋಡಲು ಮುದ್ದು, ನಿಜ. ಆದರೆ 2016ರಲ್ಲಿ ಯುಪಿಐ ಬಂದ ಮೇಲೆ ಹುಟ್ಟಿದ ಎಷ್ಟೋ ಮಕ್ಕಳು ಅಮ್ಮ ನೋಟು ಎಣಿಸಿ ಕೊಡುವುದನ್ನೇ ಸರಿಯಾಗಿ ನೋಡಿಲ್ಲ. ಪರ್ಸು ತೆಳ್ಳಗಾಗುವುದು ಕಣ್ಣಿಗೆ ಕಂಡರಲ್ಲವೇ ‘ಖರ್ಚಾಯ್ತು’ ಅನ್ನುವುದು ಅರ್ಥವಾಗೋದು? ಫೋನ್ ಎಷ್ಟು ಸಲ ತೋರಿಸಿದರೂ ಅಷ್ಟೇ ದಪ್ಪ ಇರುತ್ತದೆ!

ಹಾಗಾಗಿ ವಾರಕ್ಕೊಂದು ಸಲವಾದರೂ ಸೊಪ್ಪಿನವಳ ಹತ್ತಿರ ನಗದು ಕೊಡಿ, ಅದನ್ನೂ ಮಗುವಿನ ಕೈಯಿಂದಲೇ ಕೊಡಿಸಿ. ಆಟಕ್ಕೂ ನಾಲ್ಕು ನಿಜವಾದ ನಾಣ್ಯ ಕೊಡಿ. ಒಂದು ರೂಪಾಯಿಯ ಐದು ನಾಣ್ಯ ಒಂದು ಕಡೆ, ಹತ್ತರ ಒಂದು ನೋಟು ಇನ್ನೊಂದು ಕಡೆ ಇಟ್ಟು ಯಾವುದು ಬೇಕು ಎಂದರೆ ಪುಟಾಣಿಗಳ ಕೈ ನಾಣ್ಯಗಳ ಕಡೆಗೇ ಹೋಗುವುದುಂಟು. ದಡ್ಡತನವಲ್ಲ ಅದು. ಸಾಲು ಅಗಲವಾಗಿ ಹರಡಿದ್ದರೆ ಸಣ್ಣ ಮಕ್ಕಳಿಗೆ ಅದೇ ಜಾಸ್ತಿ ಎನಿಸುತ್ತದೆ ಎಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಆರೇಳು ವರ್ಷದ ಹೊತ್ತಿಗೆ ತಾನೇ ಸರಿಹೋಗುತ್ತದೆ. ಐವತ್ತರ ಹೊಸ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ, ಪಕ್ಕದ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ನಮ್ಮ ಕನ್ನಡ. ಅಕ್ಷರ ಕಲಿಯುತ್ತಿರುವ ಮಗುವಿಗೆ ಹುಡುಕಲು ಹೇಳಿ, ಅರ್ಧ ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ.

‘ಇಷ್ಟು ಚಿಕ್ಕ ವಯಸ್ಸಿಗೇ ದುಡ್ಡಿನ ಆಸೆ ಹುಟ್ಟಿಸ್ತೀಯಾ?’ ಎಂದು ಅತ್ತೆ ಕೇಳಬಹುದು. ಆಸೆ ಹುಟ್ಟಿಸುವುದು ಆಟವಲ್ಲ, ನಾವು ಮುಚ್ಚಿಡುವ ರೀತಿ. ನಾಣ್ಯಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಲು ಕಲಿಸುವ ಅದೇ ಅತ್ತೆ ಆಟದಲ್ಲಿ ಒಳ್ಳೆ ಗಿರಾಕಿಯೂ ಆಗುತ್ತಾರೆ. ಚೌಕಾಸಿ ಅವರಷ್ಟು ಯಾರಿಗೆ ಬರುತ್ತದೆ ಹೇಳಿ! ನಮ್ಮ ಸರ್ಕಾರಿ ಶಾಲೆಗಳಲ್ಲೂ ಮೆಟ್ರಿಕ್ ಮೇಳ, ಮಕ್ಕಳ ಸಂತೆ ಎಂದು ನಡೆಸುತ್ತಾರಲ್ಲ, ಮಕ್ಕಳೇ ಸೊಪ್ಪು ತರಕಾರಿ ತಂದು ತೂಗಿ ಮಾರುತ್ತಾರೆ.

ಇನ್ನು ನಮ್ಮ ಮನೆಯ ಕಥೆ. ಮಗನಿಗೆ ಆಗ ನಾಲ್ಕೂವರೆ. ಅವನು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟಿದ್ದೆ. ಪಕ್ಕದ ಮನೆಯ ಹುಡುಗಿ ಅವನ ಅಂಗಡಿಗೆ ಬಂದು ‘ನನ್ನತ್ರ ದುಡ್ಡಿಲ್ಲ’ ಎಂದಳು. ಇವನು ತಲೆ ಎತ್ತದೆ, ‘ಹಾಗಾದ್ರೆ ನೀನು ಅಮ್ಮ. ಹೋಗು, ಅಪ್ಪನ್ನ ಕೇಳ್ಕೊಂಡ್ ಬಾ’ ಅಂದ. ಬಟ್ಟೆ ಮಡಚುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಇವರು ಶೂ ಹಾಕಿಕೊಳ್ಳುವಾಗ ನಾನು ಬಾಗಿಲಲ್ಲಿ ನಿಂತು ‘ತರಕಾರಿಗೆ ಇನ್ನೂರು ಬೇಕಿತ್ತು’ ಅನ್ನುವುದನ್ನು ನೋಡಿದ್ದ, ಅಷ್ಟೇ. ಇವರು ಯಾವತ್ತೂ ಇಲ್ಲ ಅಂದವರಲ್ಲ. ಆದರೆ ಕೇಳಬೇಕಿತ್ತಲ್ಲ! ರಾತ್ರಿ ಹೇಳಿದಾಗ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಮುಂದಿನ ತಿಂಗಳಿನಿಂದ ಮನೆ ಖರ್ಚಿನ ಹಣ ಅಡುಗೆಮನೆಯ ಡಬ್ಬಿಗೆ ಬಂತು. ಯಾರು ತೆಗೆದರೂ ಚೀಟಿಯಲ್ಲಿ ಬರೆಯಬೇಕು, ಅವರೂ ಸೇರಿ. ಸ್ವಲ್ಪ ದಿನದ ಮೇಲೆ ಅದೇ ಹುಡುಗಿಗೆ ಇವನು ಹೇಳಿದ್ದು ಕೇಳಿ: ‘ಡಬ್ಬೀಲಿ ನೋಡು, ತಗೊಂಡು ಬರ್ಕೋ.’

ನಿಮ್ಮ ಮಗು ಆಟದಲ್ಲಿ ಏನು ಹೇಳುತ್ತದೆ? ‘ಸಾಲ ಬರ್ಕೊಳ್ಳಿ’ ಅನ್ನುತ್ತದೆಯೇ? ‘ಅಪ್ಪಂಗೆ ಹೇಳ್ಬೇಡಿ’ ಅನ್ನುತ್ತದೆಯೇ? ಬಯ್ಯಬೇಡಿ. ಅದು ನಮ್ಮಿಂದಲೇ ಹೋದ ಮಾತು. ಮಗುವನ್ನು ತಿದ್ದುವ ಬದಲು ಗಂಡ ಹೆಂಡತಿ ಕೂತು ಮಾತಾಡಬೇಕಾದ ವಿಷಯ ಅದು.

ಪರ್ಸಿನಿಂದ ಹತ್ತು ರೂಪಾಯಿ ಕಾಣೆಯಾಗಿ ಆಟದ ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕಿದರೂ ಅಷ್ಟೇ, ದಯವಿಟ್ಟು ‘ಕಳ್ಳ’ ಎಂದು ಕರೆಯಬೇಡಿ, ನೆಂಟರ ಮುಂದಂತೂ ಬೇಡವೇ ಬೇಡ. ‘ಇದು ಅಮ್ಮನ ಪರ್ಸಿಂದು, ಬೇಕಿದ್ರೆ ಕೇಳು’ ಎಂದು ಹೇಳಿ ಅವನ ಕೈಯಿಂದಲೇ ವಾಪಸ್ ಇಡಿಸಿ. ನಾಲ್ಕೈದು ವರ್ಷದ ಮಗುವಿಗೆ ಅಷ್ಟು ಸಾಕು.

ಒಂದು ಎಚ್ಚರಿಕೆ ಮಾತ್ರ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ನಾಣ್ಯ ಬೇಡ, ಬಾಯಿಗೇ ಹೋಗುತ್ತದೆ. ರಿಮೋಟು, ಆಟಿಕೆಗಳೊಳಗಿನ ಗುಂಡಿಯಂಥ ಪುಟ್ಟ ಬ್ಯಾಟರಿ ಕೂಡ ನಾಣ್ಯದಂತೆಯೇ ಹೊಳೆಯುತ್ತದೆ, ಅದಂತೂ ಬಹಳ ಅಪಾಯ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ.

ಮತ್ತೆ, ಅಂಗಡಿ ಮುಚ್ಚುವ ಮೊದಲು ಆ ಆಲೂಗಡ್ಡೆ ವಾಪಸ್ ಕೇಳಿ, ಪಲ್ಯಕ್ಕೆ ಬೇಕಲ್ಲ. ಬಿಟ್ಟಿ ಕೊಡುವುದಿಲ್ಲ, ಚಿಲ್ಲರೆ ಇಟ್ಟುಕೊಂಡೇ ಹೋಗಿ!