ಬಿಳಿಯಾಗಿ ಹೋದ ಬಿಲ್ಲು

ಮಕ್ಕಳೇ, ಬಬಲೇಶ್ವರದಿಂದಲೋ ತಿಕೋಟಾದಿಂದಲೋ ವಿಜಯಪುರಕ್ಕೆ ಬಸ್ಸಿನಲ್ಲಿ ಬಂದಿದ್ದೀರಲ್ಲವೇ? ನಿರ್ವಾಹಕರು ಕೈಯಲ್ಲಿನ ಪುಟ್ಟ ಯಂತ್ರದ ಗುಂಡಿ ಒತ್ತುತ್ತಾರೆ. ಟಿಕೆಟ್ 'ಸರ್' ಎಂದು ಹೊರಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಸಿಗುವ ಶೂನ್ಯ ದರದ ಟಿಕೆಟ್ಟೂ ಹೀಗೆಯೇ ಬರುತ್ತದೆ. ಆ ಯಂತ್ರಕ್ಕೆ ಶಾಯಿ ತುಂಬಿಸುವುದನ್ನು ಯಾರಾದರೂ ನೋಡಿದ್ದೀರಾ? ನೋಡಿರಲಾರಿರಿ. ಅದರಲ್ಲಿ ಶಾಯಿಯೇ ಇರುವುದಿಲ್ಲ!

ಶಾಯಿ ಇಲ್ಲದೆ ಅಕ್ಷರ ಮೂಡುವುದು ಹೇಗೆಂದು ಆಮೇಲೆ ನೋಡೋಣ. ಮೊದಲು ನಮ್ಮ ಕಾಕಾನ ಕಥೆ ಕೇಳಿ.

ತಿಕೋಟಾದ ನಮ್ಮ ಕಾಕಾ ಕೊಳವೆಬಾವಿಗೆ ಹೊಸ ಮೋಟಾರು ತಂದ. ಒಂದು ವರ್ಷದ ಗ್ಯಾರಂಟಿ ಇತ್ತು. ಅಂಗಡಿಯವರು ಯಂತ್ರದಿಂದ ಬಂದ ಉದ್ದನೆಯ ಬಿಲ್ಲು ಕೊಟ್ಟರು. ಕಾಕಾ ಬಹಳ ಜಾಗರೂಕ ಮನುಷ್ಯ. ಬಿಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಗಡಿನ ಸೂರಿನ ಕೆಳಗಿನ ಮಾಡದಲ್ಲಿ ಇಟ್ಟ. ಹತ್ತು ತಿಂಗಳಿಗೆ, ಸುಡುಬೇಸಿಗೆಯಲ್ಲಿ ಮೋಟಾರು ಸುಟ್ಟುಹೋಯಿತು. ಬಿಲ್ಲು ಹಿಡಿದು ಅಂಗಡಿಗೆ ಹೋದರೆ ಅಲ್ಲಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರಾಗ ಏನೂ ಕಾಣಂಗಿಲ್ಲಲ್ರಿ ಯಜಮಾನ್ರ" ಎಂದರು. ನಿಜ, ಕಾಗದ ಪೂರ್ತಿ ಬೆಳ್ಳಗಾಗಿತ್ತು.

ಅಂಗಡಿಯ ಕಂಪ್ಯೂಟರಿನಲ್ಲಿ ಲೆಕ್ಕ ಇರಬೇಕಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕಂಪ್ಯೂಟರ್ ಬದಲಾಗಿತ್ತಂತೆ, ಹಳೆಯ ಲೆಕ್ಕ ಸಿಗಲಿಲ್ಲ. ಏಳನೇ ತರಗತಿಯಲ್ಲಿ ಓದುವ ಕಾಕಾನ ಮಗಳು, "ಅಪ್ಪಾ, ನಾ ಅವತ್ತ ಫೋನಿನ್ಯಾಗ ಫೋಟೊ ತಗದಿದ್ನಿ" ಎಂದಳು. ಎಲ್ಲರಿಗೂ ಜೀವ ಬಂದಂತಾಯಿತು. ಆದರೆ ಫೋನಿನಲ್ಲಿ ಜಾಗ ಸಾಲದೆಂದು ಅವಳ ಅಣ್ಣ ಹಳೆಯ ಚಿತ್ರಗಳನ್ನೆಲ್ಲ ಒಮ್ಮೆಲೇ ಅಳಿಸಿಬಿಟ್ಟಿದ್ದ. ದಿನಾ ಬರುವ ಶುಭೋದಯದ ಹೂವಿನ ಚಿತ್ರಗಳ ಜೊತೆ ಬಿಲ್ಲೂ ಹೋಗಿತ್ತು! ಕಾಕಾ ಸ್ವಂತ ಹಣ ಕೊಟ್ಟು ಮೋಟಾರಿನ ಸುರುಳಿ ಕಟ್ಟಿಸಬೇಕಾಯಿತು. ಅಲ್ಲಿಯವರೆಗೆ, ಕೊಂಬೆ ಸವರಿ ಚಿಗುರಿಗೆ ಕಾಯುತ್ತಿದ್ದ ದ್ರಾಕ್ಷಿ ಬಳ್ಳಿಗೆ ನೀರಿರಲಿಲ್ಲ.

ಈಗ ವಿಜ್ಞಾನಕ್ಕೆ ಬರೋಣ. ಆ ಬಿಲ್ಲಿನ ಕಾಗದದ ಮೇಲೆ ಒಂದು ತೆಳು ಲೇಪನವಿರುತ್ತದೆ. ಅದರಲ್ಲಿ ಬಣ್ಣ ಕಾಣದ ಒಂದು ವರ್ಣದ್ರವ್ಯ, ಅದರ ಪಕ್ಕದಲ್ಲೇ ಆಮ್ಲದ ಗುಣವಿರುವ ಇನ್ನೊಂದು ರಾಸಾಯನಿಕ. ಯಂತ್ರದ ತಲೆಯಲ್ಲಿರುವ ಸಣ್ಣ ಸಣ್ಣ ಬಿಸಿ ಚುಕ್ಕೆಗಳು ತಗುಲಿದ ಕಡೆ ಲೇಪನ ಕರಗಿ ಎರಡೂ ಕೂಡುತ್ತವೆ. ಕೂಡಿದಲ್ಲಿ ಕಪ್ಪು. ಆದರೆ ಈ ಸ್ನೇಹ ಗಟ್ಟಿಯದಲ್ಲ. ತಿಂಗಳುಗಟ್ಟಲೆ ಸೆಕೆ, ಬಿಸಿಲು, ಎಣ್ಣೆಗೈ ತಾಗಿದರೆ ಎರಡೂ ಮತ್ತೆ ಬೇರೆಯಾಗುತ್ತವೆ, ಅಕ್ಷರ ಮಾಯವಾಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿರುವ ಎಣ್ಣೆಯಂಥ ವಸ್ತುವೂ ಇದೇ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಊರಿನಲ್ಲಿ, ತಗಡಿನ ಕೆಳಗೆ, ಪ್ಲಾಸ್ಟಿಕ್ ಚೀಲದೊಳಗೆ! ಪಾಪ, ಕಾಕಾ ಜೋಪಾನ ಮಾಡಿದ್ದೇ ಮುಳುವಾಯಿತು.

ಜೆರಾಕ್ಸ್ ಹಾಗಲ್ಲ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಎಂಬಾತ ಪೇಟೆಂಟ್ ಕೆಲಸದಲ್ಲಿದ್ದ. ದಾಖಲೆಗಳನ್ನು ಕೈಯಿಂದ ನಕಲು ಮಾಡಿ ಮಾಡಿ ಬೇಸತ್ತಿದ್ದ. 1938ರ ಅಕ್ಟೋಬರ್ 22ರಂದು ಮೊದಲ ಬಾರಿಗೆ ಒಣ ಪುಡಿಯಿಂದ ನಕಲು ತೆಗೆದ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಅದೇ ಸ್ಥಾಯಿ ವಿದ್ಯುತ್ತು ಇಲ್ಲಿಯೂ ಕೆಲಸ ಮಾಡುತ್ತದೆ. ಅಕ್ಷರವಿರುವ ಕಡೆ ಮಾತ್ರ ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ಆಮೇಲೆ ಶಾಖದಿಂದ ಪುಡಿ ಕರಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಆ ಕಪ್ಪು ಇಂಗಾಲದ್ದು. ಇಂಗಾಲ ಸುಲಭವಾಗಿ ಬಣ್ಣಗೆಡುವುದಿಲ್ಲ. ಕಾಕಾ ಅಂದೇ ಒಂದೆರಡು ರೂಪಾಯಿ ಕೊಟ್ಟು ಬಿಲ್ಲಿನ ಜೆರಾಕ್ಸ್ ಮಾಡಿಸಿದ್ದರೆ ಸಾಕಿತ್ತು.

ಹಾಗಾದರೆ ಶಾಯಿ ಇಲ್ಲದ ಯಂತ್ರ ಏಕೆ ಬೇಕು? ಅದು ಚಿಕ್ಕದು, ಹಗುರ, ಬೇಗ ಕೆಲಸ ಮಾಡುತ್ತದೆ, ಶಾಯಿಯ ಖರ್ಚಿಲ್ಲ. ಬಸ್ಸಿನ ಟಿಕೆಟ್ಟಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಏಕೆಂದರೆ ಇಳಿದ ಮೇಲೆ ಟಿಕೆಟ್ಟಿನ ಕೆಲಸ ಮುಗಿಯಿತು. ಒಂದು ವರ್ಷ ಬಾಳಬೇಕಾದ ಗ್ಯಾರಂಟಿ ಬಿಲ್ಲಿಗೂ ಅದೇ ಕಾಗದ ಬಳಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಅನುಕೂಲ ಅಂಗಡಿಯವರದು, ನಷ್ಟ ಕೊಂಡವರದು.

ಫೋನಿನ ಫೋಟೊ ಬೇಡವೆಂದು ನಾನು ಹೇಳುತ್ತಿಲ್ಲ. ಆ ಹುಡುಗಿ ಮಾಡಿದ್ದು ಜಾಣತನವೇ. ಆದರೆ ಆ ಫೋಟೊ ಒಂದೇ ಕಡೆ ಇತ್ತು, ಅದನ್ನು ಕಾಯುವವರು ಯಾರೂ ಇರಲಿಲ್ಲ.

ಹೊಲದ ಉತಾರವನ್ನೇ ನೋಡಿ. ಮೊದಲು ಅದನ್ನು ತಲಾಟಿಯವರು ಕೈಯಿಂದ ಬರೆಯುತ್ತಿದ್ದರು. ಸುಮಾರು 2000ದಿಂದ 2002ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಉತಾರಗಳನ್ನು ಕಂಪ್ಯೂಟರಿಗೆ ಏರಿಸಿದರು. ತಿಕೋಟಾ, ಬಬಲೇಶ್ವರ ಎರಡೂ ಆಗ ವಿಜಾಪುರ ತಾಲ್ಲೂಕಿನಲ್ಲಿದ್ದವು. ರೈತರು ತಾಲ್ಲೂಕು ಕಚೇರಿಗೆ ಹೋಗಿ 15 ರೂಪಾಯಿ ಕೊಟ್ಟರೆ ಉತಾರ ಸಿಗುತ್ತಿತ್ತು. ಕೈಯಲ್ಲಿನ ಪ್ರತಿ ಹರಿದರೆ ಇನ್ನೊಂದು ತೆಗೆಸಬಹುದು, ಏಕೆಂದರೆ ಮೂಲವನ್ನು ಕಾಯಲು ಒಂದು ಇಲಾಖೆಯೇ ಇದೆ. 2015ರಲ್ಲಿ ಬಂದ ಡಿಜಿಲಾಕರ್ ಕೂಡ ಹಾಗೆಯೇ. ಅಂಕಪಟ್ಟಿಯನ್ನು ಕೊಟ್ಟ ಮಂಡಳಿಯೇ ಅಲ್ಲಿ ಹಾಕಿದರೆ ಅದು ಮೂಲ ದಾಖಲೆಗೆ ಸಮ. ನೀವು ತೆಗೆದ ಅಂಕಪಟ್ಟಿಯ ಫೋಟೊ ಬರೀ ಫೋಟೊ.

ನಮ್ಮ ವಿಜಯಪುರದಲ್ಲೇ ಇದ್ದ ಫ. ಗು. ಹಳಕಟ್ಟಿಯವರ ಹೆಸರು ಕೇಳಿದ್ದೀರಿ. ವಚನಗಳ ತಾಳೆಗರಿ ಕಟ್ಟುಗಳು ಎಷ್ಟೋ ಮನೆ, ಮಠಗಳಲ್ಲಿ ಬಿದ್ದಿದ್ದವು. ತಾಳೆಗರಿ ಓದಲು ಬ್ಯಾಟರಿ ಬೇಡ, ಶತಮಾನಗಳ ಕಾಲ ಬಾಳುತ್ತದೆ. ಆದರೂ ಇರುವುದು ಒಂದೇ ಪ್ರತಿಯಾದರೆ ಗೆದ್ದಲಿಗೆ ಒಂದೇ ಮಳೆಗಾಲ ಸಾಕು. ಹಳಕಟ್ಟಿಯವರು ಅವನ್ನು ಹುಡುಕಿ ತಂದು, ಮನೆ ಮಾರಿ ಮುದ್ರಣಾಲಯ ಹಾಕಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿ ಅಚ್ಚು ಮಾಡಿದರು. ಒಂದಿದ್ದದ್ದು ನೂರಾರು ಪ್ರತಿಯಾಯಿತು. ಬಿಲ್ಲಿಗೂ ವಚನಕ್ಕೂ ಏನು ಸಂಬಂಧ ಎಂದು ನಗಬೇಡಿ, ಉಳಿಸುವ ಉಪಾಯ ಒಂದೇ.

ಈಗ ನೀವೇ ಪರೀಕ್ಷಿಸಿ. ಹಳೆಯ ಬಸ್ ಟಿಕೆಟ್ಟನ್ನು ಉಗುರಿನಿಂದ ಜೋರಾಗಿ ಗೀರಿ. ಕಪ್ಪು ಗೆರೆ ಬೀಳುತ್ತದೆ, ಅದು ಉಜ್ಜಿದ ಶಾಖ. ಇಂಥ ಕೆಲವು ಕಾಗದಗಳ ರಾಸಾಯನಿಕ ದೇಹಕ್ಕೆ ಒಳ್ಳೆಯದಲ್ಲ, ಆದ್ದರಿಂದ ಬಾಯಲ್ಲಿ ಕಚ್ಚಬೇಡಿ, ಆಮೇಲೆ ಕೈ ತೊಳೆಯಿರಿ. ಇನ್ನು ಮೂರು ಟಿಕೆಟ್ ತೆಗೆದುಕೊಂಡು ಹಿಂದೆ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಒಂದನ್ನು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಒಂದನ್ನು ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಇನ್ನೊಂದನ್ನು ಪುಸ್ತಕದ ನಡುವೆ ಇಡಿ. ವಾರಕ್ಕೊಮ್ಮೆ ತೆಗೆದು ನೋಡಿ, ಯಾವುದು ಮೊದಲು ಬೆಳ್ಳಗಾಯಿತು ಎಂದು ಬರೆದಿಡಿ. ಶಾಯಿಯ ಪೆನ್ನಿನಿಂದ, ನೋಟುಬುಕ್ಕಿನಲ್ಲಿ.