ಗ್ರಾಫಿನ ಬಾಲ ಕತ್ತರಿಸಬೇಡಿ ಮಾರಾಯ್ರೆ

ಮೂಡಬಿದಿರೆಯಿಂದ ಶಿರ್ತಾಡಿ ರಸ್ತೆಯಲ್ಲಿ ಸುಮಾರು 8 ಕಿಲೋಮೀಟರ್ ಹೋದರೆ ಮೂಡುಕೊಣಾಜೆ. ಅಲ್ಲಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳು ಉಂಟು. 1980ರ ದಶಕದಲ್ಲಿ ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ ಅವರು ಇವುಗಳನ್ನು ಗುರುತಿಸಿ ಬರೆದರು. ಒಂಬತ್ತು ಗೋರಿಗಳಲ್ಲಿ ಈಗ ನೆಟ್ಟಗೆ ಉಳಿದಿರುವುದು ಎರಡೇ. 2023ರಲ್ಲಿ ಪ್ರೊ. ಟಿ. ಮುರುಗೇಶಿ ಅವರು ಇಲ್ಲಿ ಸಿಕ್ಕ ಸುಟ್ಟಮಣ್ಣಿನ ಬೊಂಬೆಗಳ ಬಗ್ಗೆ ಹೇಳಿದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು: ಗೂಳಿ, ನವಿಲು, ಕುದುರೆ, ಮಾತೃದೇವತೆ. ಅವರು ಕೊಟ್ಟ ಕಾಲ ಕ್ರಿ.ಪೂ. 800-700.

ಈ ಅಂಕೆ ಓದಿದಾಗ ನಮ್ಮ ಕನ್ನಡ ಸಂಘದ ಮೂರ್ನಾಲ್ಕು ಜನರಿಗೆ ಕಿವಿ ನೆಟ್ಟಗಾಯಿತು. ಇತಿಹಾಸ ನಮಗೆ ಅಷ್ಟಕ್ಕಷ್ಟೇ. ಆದರೆ ರೇಡಿಯೋಕಾರ್ಬನ್ ಲೆಕ್ಕ ಹಾಕುವವರಿಗೆ ಕ್ರಿ.ಪೂ. 800 ಅಂದರೆ ಒಂದು ಹೊಸ್ತಿಲು. ಅದನ್ನು ದಾಟಿದರೆ ಮುಂದಿನ ನಾಲ್ಕು ಶತಮಾನ ಮಂಜು ಮುಸುಕಿದ ಚಾರ್ಮಾಡಿ ಘಾಟಿಯ ಹಾಗೆ, ಎಲ್ಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಕಾರಣ ಇದು. ಇದ್ದಿಲಿನ ಅಥವಾ ಮೂಳೆಯ ತುಂಡಿನಲ್ಲಿ ಉಳಿದಿರುವ ಕಾರ್ಬನ್-14 ಅಳೆದು ಪ್ರಯೋಗಾಲಯ ಒಂದು ವಯಸ್ಸು ಕೊಡುತ್ತದೆ, 2450 ± 30 ಬಿ.ಪಿ. ಅಂತಿಟ್ಟುಕೊಳ್ಳಿ. ಬಿ.ಪಿ. ಲೆಕ್ಕ ಶುರುವಾಗುವುದು 1950ರಿಂದ. ಹಾಗಾದರೆ 2450ರಿಂದ 1950 ಕಳೆದರೆ ಕ್ರಿ.ಪೂ. 500, ಮುಗಿಯಿತಲ್ಲ? ಇಲ್ಲ. ಗಾಳಿಯಲ್ಲಿದ್ದ ಕಾರ್ಬನ್-14 ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲ. ಕ್ರಿ.ಪೂ. 800ರಿಂದ 400ರವರೆಗೆ ಅದು ಸುಮಾರಾಗಿ ಕ್ಷಯದ ವೇಗದಲ್ಲೇ ಇಳಿಯುತ್ತಾ ಹೋಯಿತು. ಹಾಗಾಗಿ ಮುನ್ನೂರು ವರ್ಷ ಅಂತರದಲ್ಲಿ ಸುಟ್ಟ ಎರಡು ಕಟ್ಟಿಗೆ ತುಂಡುಗಳೂ ಇವತ್ತು ಹೆಚ್ಚುಕಡಿಮೆ ಒಂದೇ ವಯಸ್ಸು ತೋರಿಸುತ್ತವೆ. ಮರದ ಉಂಗುರಗಳ ಆಧಾರದಲ್ಲಿ ಮಾಡಿದ ಕ್ಯಾಲಿಬ್ರೇಷನ್ ರೇಖೆ ಇಲ್ಲಿ ಮಟ್ಟಸವಾಗಿ ಮಲಗುತ್ತದೆ. ಯುರೋಪಿನವರು ಇದಕ್ಕೆ ಹಾಲ್‌ಸ್ಟಾಟ್ ಪ್ರಸ್ಥಭೂಮಿ ಅನ್ನುತ್ತಾರೆ. ನಮ್ಮ 2450 ± 30 ಈ ರೇಖೆಗೆ ತಾಗಿದಾಗ ಬರುವ ಉತ್ತರ ಕ್ರಿ.ಪೂ. 750ರಿಂದ 410ರವರೆಗೆ ಹರಡುತ್ತದೆ, ಅದೂ ಒಂದೇ ಗುಡ್ಡವಾಗಿ ಅಲ್ಲ, ಎರಡು ಮೂರು ದಿಬ್ಬಗಳಾಗಿ. ಅದೇ 2600 ± 30 ಆಗಿದ್ದರೆ ಕ್ರಿ.ಪೂ. 800ರ ಆಸುಪಾಸು, ಕೆಲವೇ ದಶಕಗಳ ಒಳಗೆ ನಿಲ್ಲುತ್ತಿತ್ತು. ವ್ಯತ್ಯಾಸ ನೂರೈವತ್ತು ವರ್ಷ ಮಾತ್ರ, ಆದರೆ ಉತ್ತರದ ಸ್ವಭಾವವೇ ಬೇರೆ.

ಮಣ್ಣಿನ ಬೊಂಬೆಗೆ ಈ ಪರೀಕ್ಷೆ ನೇರವಾಗಿ ಆಗುವುದಿಲ್ಲ, ಪಕ್ಕದಲ್ಲಿ ಇದ್ದಿಲೋ ಮೂಳೆಯೋ ಬೇಕು. ನಮ್ಮ ಮಾತು ಬೊಂಬೆಗಳ ಕಾಲ ಸರಿಯೋ ತಪ್ಪೋ ಅನ್ನುವುದರ ಮೇಲಲ್ಲ. ನಾಳೆ ಇಂಥ ಜಾಗದಿಂದ ಒಂದು ಚಿಟಿಕೆ ಇದ್ದಿಲಿನ ಫಲಿತಾಂಶ ಬಂದರೆ ಅದನ್ನು ಜನರಿಗೆ ತೋರಿಸುವ ಚಿತ್ರ ಹೇಗಿರಬೇಕು ಅನ್ನುವುದರ ಮೇಲೆ. ಆ ಚಿತ್ರ ಮಾಡುವವರು ಬಹುಶಃ ನಮ್ಮಂಥವರೇ. ಕಂಪ್ಯೂಟರ್ ಗೊತ್ತುಂಟಲ್ಲ, ಒಂದು ಚಂದದ ಗ್ರಾಫ್ ಮಾಡಿಕೊಡಿ ಅಂತ ಇತಿಹಾಸದವರು ಕೇಳುವುದು ನಮ್ಮನ್ನೇ.

ಚಂದ ಅನ್ನುವಲ್ಲೇ ತಕರಾರು ಶುರು. ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಬ್ರಾಂಕ್ ರ‍್ಯಾಮ್ಸೆ ಅವರ ಆಕ್ಸ್‌ಕ್ಯಾಲ್ ತಂತ್ರಾಂಶ ಬ್ರೌಸರಿನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಒಂದು ದಿನಾಂಕ ಹಾಕಿದರೆ ಅದು ಮೂರು ವಿಷಯ ಬರೆಯುತ್ತದೆ: ಎಡಬದಿಗೆ ಕೆಂಪಿನಲ್ಲಿ ಪ್ರಯೋಗಾಲಯದ ಅಳತೆಯ ಗಂಟೆಯಾಕಾರ, ನಡುವೆ ನೀಲಿಯ ಕ್ಯಾಲಿಬ್ರೇಷನ್ ರೇಖೆ, ಕೆಳಗೆ ಬೂದು ಬಣ್ಣದ ಸಂಭವನೀಯತೆಯ ದಿಬ್ಬಗಳು. ಅದರಡಿಯಲ್ಲಿ 68.3 ಮತ್ತು 95.4 ಶೇಕಡಾದ ಗೆರೆಗಳು. ನೋಡಲು ಸ್ವಲ್ಪ ಗಿಜಿಗಿಜಿ, ಒಪ್ಪುತ್ತೇವೆ. ಪೋಸ್ಟರ್ ಮಾಡುವವರ ಕೈಗೆ ಇದು ಸಿಕ್ಕಿದ ಕೂಡಲೇ ಮೊದಲು ಹೋಗುವುದು ನೀಲಿ ರೇಖೆ. ಆಮೇಲೆ ಕೆಂಪು. ಆಮೇಲೆ 95.4ರ ಗೆರೆ, ಯಾಕೆಂದರೆ 68.3ರದ್ದು ಗಿಡ್ಡ, ನೋಡಲು ನಿಖರ. ಉದ್ದದ ಬಾಲ ಕತ್ತರಿಸಿ, ಎತ್ತರದ ದಿಬ್ಬಕ್ಕೆ ಬಾಣ ಹೊಡೆದು ಒಂದೇ ಇಸವಿ ಬರೆದರೆ ಪೋಸ್ಟರ್ ರೆಡಿ.

ಹಾಗೆ ಮಾಡಿದಾಗ ಒಂದು ಸುಳ್ಳನ್ನೂ ಟೈಪ್ ಮಾಡಿರುವುದಿಲ್ಲ, ಆದರೂ ನೋಡಿದವರ ತಲೆಯಲ್ಲಿ ಸುಳ್ಳು ಕೂರುತ್ತದೆ. ನೀಲಿ ರೇಖೆ ಇದ್ದರೆ ಯಾರಾದರೂ ಕೇಳಿಯಾರು: ಇದು ಯಾಕೆ ಇಲ್ಲಿ ಚಪ್ಪಟೆ? ರೇಖೆ ತೆಗೆದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ನಿಜಕ್ಕೂ ಇನ್ನೂರು ಮುನ್ನೂರು ವರ್ಷ ಉದ್ದದ ಅನುಮಾನಕ್ಕೆ ಕಾರಣ ಪ್ರಯೋಗಾಲಯದ ಸೋಮಾರಿತನವಲ್ಲ, ಆ ಕಾಲದ ಗಾಳಿ ಅನ್ನುವುದನ್ನು ಹೇಳುವುದೇ ಆ ರೇಖೆ. ಸೆಟ್ಟಿಂಗ್ಸ್‌ನಲ್ಲಿ ಅಚ್ಚು, ಬಣ್ಣ, ಅಕ್ಷರದ ಗಾತ್ರ ಏನು ಬೇಕಾದರೂ ಬದಲಿಸಿ. ಬೂದು ಬಣ್ಣ ಬೇಡವಾದರೆ ಕುಂಕುಮದ ಬಣ್ಣ ಹಾಕಿ. ರೇಖೆಗೆ ಮಾತ್ರ ಕೈ ಹಾಕಬೇಡಿ.

ಇದು ಗೋರಿಗಳಿಗೆ ಮಾತ್ರ ಅಂದುಕೊಂಡರೆ ಬೆಳ್ತಂಗಡಿ ತಾಲೂಕಿಗೆ ಬನ್ನಿ. ವೇಣೂರಿನ ಬಾಹುಬಲಿ 1604ರದ್ದು, ಶಾಸನ ಉಂಟು, ಅನುಮಾನವೇ ಇಲ್ಲ. ಈಗ ಶಾಸನವನ್ನು ಮರೆತು, ಅದೇ ವರ್ಷ ಕಡಿದ ಒಂದು ಸಣ್ಣ ಕೊಂಬೆಯ ಇದ್ದಿಲು ಮಾತ್ರ ನಮ್ಮ ಕೈಯಲ್ಲಿದೆ ಅಂತ ಯೋಚಿಸಿ. ಆಗಲೂ ರೇಖೆ ಅಂಕುಡೊಂಕು. ಸುಮಾರು ಒಂದೂವರೆ ಶತಮಾನ ಉದ್ದಕ್ಕೆ ಚಾಚಿದ, ಒಂಟೆಯ ಬೆನ್ನಿನಂಥ ಗ್ರಾಫ್ ಬರುತ್ತದೆ. ಅದರಲ್ಲಿ ಎತ್ತರದ ದಿಬ್ಬವನ್ನೇ ಆರಿಸಿದರೆ ವೇಣೂರನ್ನು ನೂರು ವರ್ಷ ಹಿಂದಕ್ಕೆ ತಳ್ಳುವ ಅಪಾಯ ಉಂಟು. ಉತ್ತರ ಗೊತ್ತಿರುವ ಕಡೆ ಹೀಗಾದರೆ ಗೊತ್ತಿಲ್ಲದ ಕಡೆ?

ಬಂಟ್ವಾಳ ಕಡೆಯ ಹಳೇ ಗುತ್ತಿನ ಮನೆಗಳ ಕಂಬಗಳದ್ದು ಇನ್ನೊಂದು ರಗಳೆ. ದಪ್ಪ ಹಲಸಿನ ತಿರುಳಿನಿಂದ ಮಾದರಿ ತೆಗೆದರೆ ಅದು ಮನೆ ಕಟ್ಟಿದ ವರ್ಷವನ್ನಲ್ಲ, ಆ ತಿರುಳು ಬೆಳೆದ ವರ್ಷವನ್ನು ಹೇಳುತ್ತದೆ. ಹಳೇ ಮನೆ ಬಿಚ್ಚಿದ ಮರವನ್ನೇ ಹೊಸ ಮನೆಗೆ ಹಾಕುವುದು ನಮ್ಮಲ್ಲಿ ಮಾಮೂಲು ಬೇರೆ. ಹಾಗಾಗಿ ಗ್ರಾಫಿನ ಅಡಿಬರಹದಲ್ಲಿ ಮಾದರಿ ಯಾವುದು, ಮರದ ಯಾವ ಭಾಗದ್ದು ಅಂತ ಒಂದು ಸಾಲು ಇರಲಿ.

ಅಡಿಬರಹದ ವಿಷಯ ಬಂದದ್ದರಿಂದ ಹಳ್ಳೂರಿನ ಕಥೆ ಹೇಳಲೇಬೇಕು. ಹಾವೇರಿ ಜಿಲ್ಲೆಯ ಈ ತಾಣವನ್ನು ಎಂ.ಎಸ್. ನಾಗರಾಜ ರಾವ್ 1965ರಲ್ಲಿ ಅಗೆದರು. ದಕ್ಷಿಣ ಭಾರತದಲ್ಲಿ ಕಬ್ಬಿಣ ಕ್ರಿ.ಪೂ. 1000ದ ಸುಮಾರಿಗೇ ಇತ್ತು ಅನ್ನುವ ವಾದಕ್ಕೆ ಬಲ ಕೊಟ್ಟದ್ದು ಅಲ್ಲಿನ ಇದ್ದಿಲು. ಅಳೆದದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಆಗ ಆಕ್ಸ್‌ಕ್ಯಾಲ್ ಇರಲಿಲ್ಲ, ದೋಷಾಂಶವೂ ನೂರು ವರ್ಷದ ಆಸುಪಾಸು. ಆದರೂ ಅವರು ಟಿಎಫ್ ಅಂತ ಶುರುವಾಗುವ ಪ್ರಯೋಗಾಲಯ ಸಂಖ್ಯೆ, ವಯಸ್ಸು, ದೋಷಾಂಶ ಮೂರನ್ನೂ ಅಚ್ಚು ಹಾಕಿದರು. ಅದರಿಂದಾಗಿಯೇ ಇವತ್ತು ಹಾಸ್ಟೆಲ್ ರೂಮಿನಲ್ಲಿ ಕೂತ ಯಾವ ವಿದ್ಯಾರ್ಥಿಯೂ ಆ ಅಂಕೆಗಳನ್ನು 2020ರ ಇಂಟ್‌ಕ್ಯಾಲ್ ರೇಖೆಗೆ ಹಾಕಿ ಮತ್ತೆ ಲೆಕ್ಕ ಮಾಡಬಹುದು. ಬರೇ 'ಕ್ರಿ.ಪೂ. 1000' ಅಂತ ಬರೆದು ಬಿಟ್ಟಿದ್ದರೆ ಏನೂ ಮಾಡಲಿಕ್ಕಾಗುತ್ತಿರಲಿಲ್ಲ. ಚಿತ್ರದ ಮೂಲೆಯಲ್ಲಿ ಆ ಮೂರು ಅಂಕೆ, ಜೊತೆಗೆ ಬಳಸಿದ ರೇಖೆಯ ಹೆಸರು ಬರೆಯಲು ಹಿಡಿಯುವ ಜಾಗ ಎರಡು ಸೆಂಟಿಮೀಟರ್. ರೇಖೆಯ ಹೆಸರು ಯಾಕೆಂದರೆ, ಮುಂಗಾರಿನ ಗಾಳಿ ದಕ್ಷಿಣ ಗೋಳಾರ್ಧದಿಂದಲೂ ಬರುವ ಕಾರಣ ಕೆಲವರು ಉತ್ತರ, ದಕ್ಷಿಣ ಎರಡೂ ರೇಖೆಗಳನ್ನು ಬೆರೆಸಿ ಲೆಕ್ಕ ಮಾಡುತ್ತಾರೆ.

ಇನ್ನು ಕನ್ನಡ. ನಮ್ಮೂರಿನ ಕಲ್ಲಿನ ಗ್ರಾಫ್ ನಮ್ಮೂರಿನವರಿಗೆ ಓದಲು ಬರಬೇಕಾದರೆ ಅಕ್ಷದ ಮೇಲೆ ಕನ್ನಡ ಇರಬೇಕು. ಇದು ಅಭಿಮಾನದ ಮಾತು ಮಾತ್ರವಲ್ಲ, ಗ್ರಾಮ ಪಂಚಾಯತಿನವರಿಗೂ ಜಾಗದ ಯಜಮಾನರಿಗೂ ಅರ್ಥವಾಗದೆ ಹೋದರೆ ಉಳಿದ ಎರಡು ಗೋರಿಗಳೂ ಉಳಿಯುವುದಿಲ್ಲ. ಆದರೆ ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡ ಹಾಕಿ ನೋಡಿದವರಿಗೆ ಗೊತ್ತು, ನಾವು ಬಳಸಿದ ಆವೃತ್ತಿಯಲ್ಲಿ 'ಕ್ರಿ.ಪೂ.' ಅನ್ನುವುದು ಕ, ರ, ಒಂದು ಕೊಂಬು, ಒಂದು ಗುಡಿಸು ಅಂತ ಚೂರುಚೂರಾಗಿ ಬೀಳುತ್ತದೆ. ಒತ್ತಕ್ಷರ ಕೂಡಿಸುವ ಕೆಲಸವನ್ನು ಅದು ಮಾಡುವುದೇ ಇಲ್ಲ. ಉಪಾಯ ಸುಲಭ: ಎಸ್‌ವಿಜಿ ಆಗಿ ಉಳಿಸುವಾಗ ಅಕ್ಷರಗಳನ್ನು ಗೆರೆಗಳಾಗಿ ಬದಲಿಸದೆ ಪಠ್ಯವಾಗಿಯೇ ಬಿಡುವ ಆಯ್ಕೆ ಹಾಕಿ, ಒತ್ತಕ್ಷರವನ್ನು ಬ್ರೌಸರ್ ಕೂಡಿಸಿಕೊಳ್ಳುತ್ತದೆ. ಅದೂ ಬೇಡವಾದರೆ ಆಕ್ಸ್‌ಕ್ಯಾಲ್‌ನ ಚಿತ್ರವನ್ನೇ ಇಂಕ್‌ಸ್ಕೇಪ್‌ನಲ್ಲಿ ತೆರೆದು ಹೆಸರುಗಳನ್ನು ಕನ್ನಡದಲ್ಲಿ ಟೈಪ್ ಮಾಡಿ. 'ಪ್ರಾಬಬಿಲಿಟಿ ಡೆನ್ಸಿಟಿ'ಗೆ 'ಸಂಭವನೀಯತಾ ಸಾಂದ್ರತೆ' ಅಂತ ಬರೆಯುವವರು ಬರೆಯಲಿ. ನಮಗೆ 'ಎಷ್ಟು ಸಾಧ್ಯತೆ' ಅಂದರೆ ಸಾಕು.

2450 ± 30 ಹಾಕಿ ನಾವು ಮಾಡಿದ ಮಾದರಿ ಗ್ರಾಫ್, ಕನ್ನಡದ ಅಕ್ಷ, ಅಡಿಯಲ್ಲಿ 95.4ರ ಗೆರೆ ಸಮೇತ ಸಂಘದ ಕೋಣೆಯ ಬೋರ್ಡಿನಲ್ಲಿ ಅಂಟಿಸಿದ್ದೇವೆ. ಕಪ್ಪುಬಿಳುಪು ಪ್ರಿಂಟಿನಲ್ಲೂ ತಿಳಿಯಬೇಕೆಂದು ನೀಲಿಯ ಬದಲು ತುಂಡುಗೆರೆ ಹಾಕಿದ್ದು. ಫೈಲ್ ಬೇಕಾದವರು ಪೆನ್‌ಡ್ರೈವ್ ತನ್ನಿ.