ಗೋಪುರ ಎದ್ದಿತು, ಮನೆ ಬಿತ್ತು

ಭವ್ಯ ಸ್ಮಾರಕವೊಂದನ್ನು ಕಟ್ಟಿಬಿಟ್ಟರೆ ದೇಶ ತನ್ನ ಸ್ವಾತಂತ್ರ್ಯದ ಕಥೆಯನ್ನು ಮರೆಯುವುದಿಲ್ಲ ಎಂಬ ಮಾತು ಈಗ ಸಲೀಸಾಗಿ ಚಲಾವಣೆಯಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಘಟನೆ ನಡೆದ ಜಾಗವನ್ನು ಅಳಿಸಿ ಎಬ್ಬಿಸಿದ ಸ್ಮಾರಕ, ಜನರ ನೆನಪನ್ನು ಆಳುವವರ ಕೈಗೆ ಒಪ್ಪಿಸುತ್ತದೆ. ಇಂಡೊನೇಷ್ಯಾದ ರಾಜಧಾನಿ ಜಕಾರ್ತದಲ್ಲಿ ಆದದ್ದು ಇದೇ. 1945ರ ಆಗಸ್ಟ್ 17ರ ಬೆಳಿಗ್ಗೆ ಸ್ವಾತಂತ್ರ್ಯ ಚಳವಳಿಯ ನಾಯಕ ಸುಕರ್ನೊ, ಜೊತೆಗಾರ ಹತ್ತಾ ಅವರನ್ನು ಪಕ್ಕದಲ್ಲಿರಿಸಿಕೊಂಡು, ಪೆಗಾಂಗ್ಸಾನ್ ತಿಮೂರ್ ಬೀದಿಯ 56ನೇ ನಂಬರಿನ ತಮ್ಮ ಮನೆಯ ಮುಂದೆ ಸ್ವಾತಂತ್ರ್ಯದ ಘೋಷಣೆ ಓದಿದರು. ಇದ್ದದ್ದು ಎರಡೇ ವಾಕ್ಯ. ಅವರ ಪತ್ನಿ ಫತ್ಮಾವತಿ ಹೊಲಿದ ಕೆಂಪು-ಬಿಳಿ ಬಾವುಟ ಅಲ್ಲೇ ಏರಿತು. ಆ ಎರಡು ವಾಕ್ಯಗಳಿಗಾಗಿ ಜನ ಮುಂದೆ ನಾಲ್ಕು ವರ್ಷ ಹೋರಾಡಿದ ಮೇಲೆ, 1949ರ ಡಿಸೆಂಬರಿನಲ್ಲಿ ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. ಅಂಥ ಮನೆಯನ್ನು 1960ರ ದಶಕದ ಆರಂಭದಲ್ಲಿ, ಆಗ ಅಧ್ಯಕ್ಷರಾಗಿದ್ದ ಸುಕರ್ನೊ ಅವರೇ ಕೆಡವಿಸಿದರು. 1961ರ ಆಗಸ್ಟ್ 17ರಂದು ನಗರದ ಬೇರೊಂದು ಕಡೆಯ ಮೈದಾನದಲ್ಲಿ ರಾಷ್ಟ್ರೀಯ ಸ್ಮಾರಕ ‘ಮೊನಾಸ್’ ಗೋಪುರದ ಕೆಲಸ ಶುರುವಾಯಿತು. 132 ಮೀಟರ್ ಎತ್ತರ, ತುದಿಯಲ್ಲಿ ಚಿನ್ನ ಹೊದಿಸಿದ ಜ್ವಾಲೆ. ಬುಡದ ಅಳತೆಗಳಲ್ಲಿ 17, 8, 45 ಎಂಬ ಅಂಕಿಗಳನ್ನು ಜೋಪಾನವಾಗಿ ಅಡಗಿಸಲಾಯಿತು. ತಾರೀಖು ಕಟ್ಟಡದೊಳಗೆ ಉಳಿಯಿತು, ಆ ತಾರೀಖಿಗೆ ಅರ್ಥ ಕೊಟ್ಟ ಮನೆ ಉಳಿಯಲಿಲ್ಲ. ಘೋಷಣೆಯ ಹಿಂದಿನ ರಾತ್ರಿ ಅದರ ಕರಡು ಸಿದ್ಧವಾದ ಜಪಾನಿ ನೌಕಾಧಿಕಾರಿ ಮಾಯೆದಾ ಅವರ ಮನೆ ಮಾತ್ರ ಇಂದಿಗೂ ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಗೋಪುರದ ಪರವಾದ ವಾದವನ್ನು ನಾನು ಹಗುರವಾಗಿ ಕಾಣಲಾರೆ. ಸಾವಿರಾರು ದ್ವೀಪ, ನೂರಾರು ಭಾಷೆಗಳ ಹೊಸ ದೇಶಕ್ಕೆ ಎಲ್ಲರೂ ತಮ್ಮದೆನ್ನಬಹುದಾದ ಒಂದು ಗುರುತು ಬೇಕಿತ್ತು. ಡಚ್ಚರ ಕಾಲದ ಮೈದಾನದ ನಟ್ಟನಡುವೆ ಅದನ್ನು ನಿಲ್ಲಿಸಿದ್ದರಲ್ಲಿ ಸ್ವಾಭಿಮಾನವೂ ಇತ್ತು. ಆ ಹಣದಲ್ಲಿ ಆಸ್ಪತ್ರೆ ಕಟ್ಟಬಹುದಿತ್ತು ಎಂಬ ಆಕ್ಷೇಪ ಯಾವ ಕಲಾಕೃತಿಯ ಮೇಲೂ ಹೊರಿಸಬಹುದಾದ ಸೋಮಾರಿ ಮಾತು. ಆದರೆ ಮೈದಾನದಲ್ಲಿ ಗೋಪುರ ಏಳಲು ಬೀದಿಯ ಮನೆ ಬೀಳಬೇಕಿರಲಿಲ್ಲ. ಮೊನಾಸ್ 1975ರಲ್ಲಿ ಸಾರ್ವಜನಿಕರಿಗೆ ತೆರೆಯುವಷ್ಟರಲ್ಲಿ ಸುಕರ್ನೊ ಅಧಿಕಾರ ಕಳೆದುಕೊಂಡು ತೀರಿಹೋಗಿದ್ದರು; ತಳದಲ್ಲಿರುವ ಇತಿಹಾಸದ ದೃಶ್ಯಗಳನ್ನು ಅವರ ನಂತರ ಅಧಿಕಾರಕ್ಕೆ ಬಂದ ಸುಹಾರ್ತೊ ಆಡಳಿತ ತನ್ನ ದೃಷ್ಟಿಗೆ ತಕ್ಕಂತೆ ತಿದ್ದಿಸಿತ್ತು. ಕಟ್ಟಿಸಿದವನ ಕಥೆಯನ್ನೂ ಆ ಸ್ಮಾರಕ ಕಾಯಲಿಲ್ಲ. ಮನೆಯ ಗೋಡೆಗೂ ಸುಳ್ಳು ಫಲಕ ಹಾಕಬಹುದು, ನಿಜ. ಆದರೆ ಸೈನ್ಯವೂ ಸಿಂಹಾಸನವೂ ಇಲ್ಲದೆ, ಒಂದು ಸಾಧಾರಣ ಅಂಗಳದಲ್ಲಿ ಕೆಲವೇ ಜನ ನಿಂತು ದೇಶವೊಂದನ್ನು ಘೋಷಿಸಿದರೆಂಬ ಸತ್ಯವನ್ನು ಆ ಮನೆಯ ಗಾತ್ರವೇ ಸಾರುತ್ತಿತ್ತು. ಅದನ್ನು ತಿದ್ದುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಸ್ಮಾರಕ ಕಟ್ಟಹೊರಟ ದೇಶ ಮೊದಲು ಜಾಗ, ಕಾಗದಪತ್ರ, ಕಂಡವರ ಹೇಳಿಕೆಗಳನ್ನು ಕಾಯಲಿ. ಕಲ್ಲು ತರಿಸುವುದು ಆಮೇಲಿನ ಕೆಲಸ.